ಮಂಡಿ ಬಿಟ್ಟುಕೊಟ್ಟವಳು

ಚಳಿಗಾಲ ಮುಗಿಯುತ್ತಿದ್ದ ಹೊತ್ತು. ಬೆಳಗಿನ ಬಿಸಿಲು ಮೈದಾನದ ಹುಲ್ಲಿಗೆ ಆಗಷ್ಟೇ ಇಳಿದಿತ್ತು. ಮೇಜಿನ ಮೇಲೆ ಕಾಲು ಚಾಚಿ ಮಲಗಿದ್ದವನ ಬಲಮಂಡಿಯಿಂದ ಫುಟ್‌ಬಾಲ್ ತಂಡದ ಫಿಸಿಯೋ ಕೈ ತೆಗೆದಳು.

“ನಾಳೆಯಿಂದ ನಿಮ್ಮ ಮಂಡಿ ನಾನು ನೋಡಲ್ಲ. ಹಿರಿಯ ಡಾಕ್ಟ್ರು ನೋಡ್ತಾರೆ.”

ತಂಡದವರು ಅವನನ್ನು ಕರೆಯುತ್ತಿದ್ದುದು ಗೋಡೆ ಎಂದು. ಗೋಲಿನತ್ತ ನುಗ್ಗುವವರನ್ನು ತಡೆಯುವುದೇ ಅವನ ಹೊಟ್ಟೆಪಾಡು. ಗೋಲು ಹೊಡೆದವರನ್ನು ಊರು ಹೊತ್ತು ಮೆರೆಸುತ್ತದೆ, ತಡೆದವರನ್ನು ಕೇಳುವವರಿಲ್ಲ. ಅದಕ್ಕೆ ಅವನು ಬೇಸರಪಟ್ಟವನಲ್ಲ. ಈ ಮಾತಿಗೆ ಮಾತ್ರ ಗೋಡೆ ಅಲುಗಿತು.

“ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಇಲ್ಲ.” ಮಡಚಿದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಚಿದಳು. ಕಣ್ಣೆತ್ತಲಿಲ್ಲ.

“ಈ ಮಂಡಿಗಿಂತ ನಮ್ಮನೆ ಹಳೇ ಬಾಗಿಲೇ ವಾಸಿ, ಎಣ್ಣೆ ಹಾಕಿದ್ರೆ ಸುಮ್ಮನಾಗುತ್ತೆ” ಎಂದು ದಿನವೂ ಕೀಟಲೆ ಮಾಡುತ್ತಿದ್ದವಳು. ನೋವಿಗೆ ಅವನು ಹಲ್ಲು ಕಚ್ಚಿದರೆ ಓರೆಗಣ್ಣಲ್ಲಿ ನೋಡಿ ಒತ್ತುವ ಕೈ ಸಡಿಲಿಸುತ್ತಿದ್ದಳು. ಆ ನೋಟದ ಆಸೆಗೆ ಅವನು ಇಲ್ಲದ ನೋವನ್ನೂ ಬರಿಸಿಕೊಂಡದ್ದುಂಟು.

ಹಿರಿಯ ಡಾಕ್ಟರಿಗೆ ಅಂಥ ದಾಕ್ಷಿಣ್ಯವಿರಲಿಲ್ಲ. ಮಂಡಿಯನ್ನು ಮಡಚಬೇಕಾದಷ್ಟು ಮಡಚಿದರು. ಇನ್ನೊಂದು ವರ್ಷ ಆಡಿದರೆ ಜೀವನಪೂರ್ತಿ ಕೋಲು ಹಿಡಿಯಬೇಕಾದೀತು ಎಂದರು. ಅವನು ಬೂಟು ಬಿಚ್ಚಿದ.

“ಕಾಲಲ್ಲಿ ಆಡಿದ್ದು ಸಾಕಯ್ಯ, ಇನ್ನು ಬಾಯಲ್ಲಿ ಆಡು” ಎಂದು ದೊಡ್ಡ ಕೋಚ್ ಅವನನ್ನು ಅಸಿಸ್ಟೆಂಟ್ ಮಾಡಿಕೊಂಡರು. ಬೇಸಿಗೆಯ ಹೊತ್ತಿಗೆ ಅವನ ಗಂಟಲು ಮೈದಾನ ತುಂಬುತ್ತಿತ್ತು. “ನುಗ್ಗೋನ ಕಾಲು ನೋಡ್ಬೇಡ್ರೋ, ಸೊಂಟ ನೋಡ್ರಿ. ಕಾಲು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ.”

ಫಿಸಿಯೋ ಎದುರಾದರೆ ಮಾತ್ರ ಅವನು ದಾರಿ ಬದಲಿಸುತ್ತಿದ್ದ. ಕೆಲಸಕ್ಕೆ ಬಾರದ ಕಾಲೆಂದು ಕೈಬಿಟ್ಟಳು ಎಂದೇ ಅವನು ನಂಬಿದ್ದ.

ಮನೆಯಲ್ಲಿ ಅವನಕ್ಕ ಇಸ್ತ್ರಿ ಮಾಡುತ್ತಾ ಒಂದು ಸಂಜೆ ಹಿಡಿದು ನಿಲ್ಲಿಸಿದಳು.

“ಕೈಬಿಟ್ಟಳು ಅಂತ ಮುಖ ಇಳಿಬಿಟ್ಕೊಂಡು ಓಡಾಡ್ತೀಯಲ್ಲೋ, ಯಾಕೆ ಅಂತ ಒಂದು ಮಾತು ಕೇಳಿದ್ಯಾ?”

“ಹೇಗೆ ಕೇಳ್ಲಿ ಅಕ್ಕಾ?”

“ಮೈದಾನದಲ್ಲಿ ಊರಿಗೆಲ್ಲ ಕೇಳೋ ಹಾಗೆ ಕಿರುಚ್ತೀಯಲ್ಲ, ಅದೇ ಬಾಯಲ್ಲಿ.”

ಮರುದಿನ ಬೆಳಿಗ್ಗೆ ಅವನು ಫಿಸಿಯೋ ಕೋಣೆಯ ಬಾಗಿಲಲ್ಲಿ ನಿಂತ.

“ಬನ್ನಿ ಅಸಿಸ್ಟೆಂಟ್ ಕೋಚು. ಯಾರ ಕಾಲು ಉಳುಕ್ತು?”

“ಯಾರದ್ದೂ ಇಲ್ಲ. ನನ್ನನ್ನ ಯಾಕೆ ಬಿಟ್ಟುಕೊಟ್ರಿ ಅಂತ ಕೇಳೋಕೆ ಬಂದೆ.”

ಅವಳು ಬ್ಯಾಂಡೇಜಿನ ಸುರುಳಿಯನ್ನು ಮೆಲ್ಲಗೆ ಕೆಳಗಿಟ್ಟಳು.

“ನೀವು ಸುಳ್ಳು ನೋವು ತೋರಿಸ್ತಿದ್ರಿ. ನಂಗದು ಗೊತ್ತಾಗ್ತಿತ್ತು.”

ಅವನ ಕಿವಿ ಕೆಂಪಾಯಿತು.

“ಗೊತ್ತಿದ್ದೂ ಕೈ ಸಡಿಲಿಸ್ತಿದ್ದೆ. ಆಟ ಬಿಡಿ ಅನ್ನೋ ಮಾತು ನಾಲಿಗೆ ತುದೀಗೆ ಬಂದು ವಾಪಸ್ ಹೋಗ್ತಿತ್ತು. ನಾನೇ ನೋಡ್ಕೊಂಡಿದ್ರೆ ನಿಮ್ಮ ಕಾಲು ಹೋಗ್ತಿತ್ತು. ಪ್ರೀತಿ ಇರೋ ಕೈ ಆ ಕೆಲಸಕ್ಕೆ ಆಗಲ್ಲ.”

ಆಡಿದ್ದು ಅರಿವಾಗಿ ಅವಳು ಕಿಟಕಿಯತ್ತ ತಿರುಗಿದಳು. ಎಂಥೆಂಥವರನ್ನೋ ತಡೆದವನಿಗೆ ಎಲ್ಲಿ ನಿಲ್ಲಬೇಕೆಂದೇ ತೋಚಲಿಲ್ಲ.

“ಈಗ ಮೆಟ್ಟಿಲು ಹತ್ತಿ ಇಳೀತೀನಿ. ನೀವು ಬಿಟ್ಟುಕೊಟ್ಟಿದ್ದಕ್ಕೇ,” ಎಂದ ಕೊನೆಗೆ. “ಮಂಡಿ ಡಾಕ್ಟ್ರ ಹತ್ರಾನೇ ಇರ್ಲಿ. ಮಿಕ್ಕಿದ್ದನ್ನ ನೀವು ಇಟ್ಕೋತೀರಾ?”

“ಮಿಕ್ಕಿದ್ರಲ್ಲಿ ಉಪಯೋಗಕ್ಕೆ ಬರೋದು ಏನಿದೆ ಅಂತ ಮೊದ್ಲು ನೋಡ್ಬೇಕು,” ಎಂದಳು. ಅವನ ಕೈ ಹಿಡಿದುಕೊಂಡೇ ಎಂದಳು.

ಮದುವೆ ನಿಶ್ಚಯವಾಯಿತು. ಪೆಟ್ಟಾದವನನ್ನೂ ಆಡಿಸಬೇಕು ಎಂದು ಕೋಚು ಹಟ ಹಿಡಿಯುವುದು, ಬೇಡ ಎಂದು ಫಿಸಿಯೋ ತಡೆಯುವುದು ಇದ್ದದ್ದೇ. ಗಂಡ ಹೆಂಡತಿ ಆ ಎರಡು ಕಡೆ ನಿಂತರೆ ಆಟಗಾರರ ಕಾಲಿಗೆ ನ್ಯಾಯ ಸಿಗುವುದಿಲ್ಲ. ತಾನೇ ತಂಡ ಬಿಡುತ್ತೇನೆ ಎಂದು ಅವಳು ಹೊರಟಾಗ ಅವನು ಒಪ್ಪಲಿಲ್ಲ. ಊರಿನ ಆ ತುದಿಯ ಇನ್ನೊಂದು ತಂಡದಲ್ಲಿ ಅದೇ ಅಸಿಸ್ಟೆಂಟ್ ಕೆಲಸ ಹುಡುಕಿಕೊಂಡ.

“ಹೋಗಯ್ಯ. ನಮ್ಮೆದುರು ಆಡೋವಾಗ ಮಾತ್ರ ಅವ್ರಿಗೆ ಒಳ್ಳೇ ಪಾಠ ಹೇಳ್ಕೊಡ್ಬೇಡ,” ಎಂದರು ದೊಡ್ಡ ಕೋಚು, ಕನ್ನಡಕ ಒರೆಸಿಕೊಳ್ಳುತ್ತಾ.

ಹುಲ್ಲು ಕತ್ತರಿಸುವವರಿಂದ ಹಿಡಿದು ಹಿರಿಯ ಡಾಕ್ಟರವರೆಗೆ ಒಬ್ಬೊಬ್ಬರ ಕೈಯನ್ನೂ ಎರಡು ಕೈಯಲ್ಲಿ ಹಿಡಿದು ನಿಮ್ಮ ಉಪಕಾರ ಮರೆಯಲ್ಲ ಎಂದ. ಅವಳು ಗೇಟಿನ ಬಳಿ ನಿಂತು ಅವನ ನಡಿಗೆಯನ್ನೇ ನೋಡುತ್ತಿದ್ದಳು. ಆ ಬುಧವಾರ ಅವನು ಮೈದಾನ ಬಿಟ್ಟು ನಡೆದ. ರಸ್ತೆಯ ತಿರುವಿನವರೆಗೂ ಎಲ್ಲೂ ಕುಂಟಲಿಲ್ಲ.