ಹಲಗೆಯ ಮೇಲಿದ್ದ ಮುಚ್ಚಿದ ಬೀಗ

ಹದಿನಾಲ್ಕನೆಯ ತಾರೀಕು, ಮಂಗಳವಾರ, ಮಧ್ಯಾಹ್ನ 12.10ಕ್ಕೆ ಬಿಸ್ಕತ್ತು ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟನು. ಹಿಟ್ಟು ಕಲಸುವ ಯಂತ್ರದೊಳಗೆ ಇಳಿದು ದುರಸ್ತಿ ಮಾಡುತ್ತಿದ್ದ ಫಿಟ್ಟರ್, 11.20ಕ್ಕೆ ಯಂತ್ರ ಚಾಲೂ ಆಗಿ ಸತ್ತಿದ್ದನು. ಮಹಡಿಯ ಕೋಣೆಯಿಂದ ಗುಂಡಿ ಒತ್ತಿದವನು ಆಪರೇಟರ್; ಸತ್ತವನ ಹೆಂಡತಿಯ ತಮ್ಮ.

“ಭಾವ-ಭಾಮೈದರ ಮಧ್ಯೆ ಏನೋ ಮನಸ್ತಾಪ ಇತ್ತಂತೆ. ನಾನು ಹೇಳಬಾರ್ದು,” ಎಂದು ಮ್ಯಾನೇಜರ್ ಕಣ್ಣೊರೆಸಿಕೊಂಡನು. ಹೊರಡುವಾಗ ಹೆಡ್ ಕಾನ್‌ಸ್ಟೆಬಲ್‌ನ ಮಂಡಿನೋವನ್ನು ವಿಚಾರಿಸಲೂ ಮರೆಯಲಿಲ್ಲ.

“ದೇವರಂಥ ಮನುಷ್ಯ, ಮೇಡಂ,” ಎಂದನು ಹೆಡ್ ಕಾನ್‌ಸ್ಟೆಬಲ್.

“ಜೀವ ಹೋಗಿ ಒಂದು ಗಂಟೆ ಆಗಿಲ್ಲ. ಟೈಪ್ ಮಾಡಿಸಿ ಮೂರು ಪ್ರತಿ ತಂದಿದಾರೆ,” ಎಂದರು ಇನ್‌ಸ್ಪೆಕ್ಟರ್. “ಎಫ್‌ಐಆರ್ ಬರೀರಿ.”

ನಿರ್ಲಕ್ಷ್ಯದಿಂದ ಸಾವು; ಆರೋಪಿ, ಆಪರೇಟರ್.

1.05ಕ್ಕೆ ಪಂಚನಾಮೆ ಆರಂಭವಾಯಿತು. ಕಾರ್ಖಾನೆಯ ನಿಯಮ ಸರಳ: ಯಂತ್ರಕ್ಕೆ ಇಳಿಯುವವನು ಮುಖ್ಯ ಸ್ವಿಚ್ಚನ್ನು ಇಳಿಸಿ ತನ್ನದೇ ಕೆಂಪು ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಬೀಗ ತೆಗೆದು ಸ್ವಿಚ್ ಎತ್ತಿದರಷ್ಟೇ ಮಹಡಿಯಲ್ಲಿ ಹಸಿರು ದೀಪ. ಫಿಟ್ಟರ್‌ನ ಬೀಗ ಸ್ವಿಚ್ಚಿನ ಮೇಲಿರಲಿಲ್ಲ. ಬಾಗಿಲ ಬಳಿ ಬೀಗಗಳನ್ನು ನೇತುಹಾಕುವ ಹಲಗೆಯಲ್ಲಿ ತೂಗುತ್ತಿತ್ತು.

“ಬೀಗಾನೇ ಹಾಕಿಲ್ಲ ನೋಡಿ. ಎಷ್ಟು ಬಡ್ಕೊಂಡೆ!” ಎಂದನು ಮ್ಯಾನೇಜರ್.

“ನೀವು ಈ ಬೀಗ ಮುಟ್ಟಿದ್ರಾ?”

“ನಾನ್ಯಾಕೆ ಮುಟ್ಲಿ? ಅದು ಅವರ ಕೆಲಸ.”

ಉತ್ತರವನ್ನು ಬರೆದುಕೊಳ್ಳಲಾಯಿತು.

ಠಾಣೆಯಲ್ಲಿ ಆಪರೇಟರ್ ತನ್ನ ಬಲಗೈಯನ್ನೇ ನೋಡುತ್ತ ಕುಳಿತಿದ್ದನು.

“ಯಾಕೆ ಒತ್ತಿದೆ?”

“ಹಸಿರು ದೀಪ ಬಂತು, ಮೇಡಂ. ಮ್ಯಾನೇಜರ್ ಸಾರ್ ಒಳಫೋನಲ್ಲಿ ‘ನಿಮ್ಮ ಭಾವ ಹೊರಗೆ ಬಂದ, ಶುರು ಮಾಡಪ್ಪ’ ಅಂದ್ರು.”

“ಫೋನೇ ಮಾಡಿಲ್ಲ ಅಂತಾರೆ.”

“ಹಾಗಂದ್ರಾ?” ಅವನು ಬಾಗಿಲ ಕಡೆ ನೋಡಿದನು. “ಅಕ್ಕನ್ನ ಒಂದ್ಸಲ ನೋಡ್ಬೇಕು.”

ಅಕ್ಕ ಹೊರಗಿನ ಬೆಂಚಿನ ಮೇಲೇ ಇದ್ದಳು. “ನನಗೆ ತಮ್ಮ ಅಂತ ಯಾರೂ ಇಲ್ಲ,” ಎಂದು ಗೋಡೆಗೆ ಮುಖ ತಿರುಗಿಸಿದಳು. ಮ್ಯಾನೇಜರ್ ಅವಳನ್ನೂ ಕಂಡು ಸಾಂತ್ವನ ಹೇಳಿ ಹೋಗಿದ್ದನು.

ಸಂಜೆ 5.30ಕ್ಕೆ ಶವಾಗಾರದಿಂದ ಬಟ್ಟೆಗಳ ಪಟ್ಟಿ ಬಂದಿತು. ಅಂಗಿಯ ಜೇಬಿನಲ್ಲಿ ಒಂದು ಕೀಲಿ. ಇನ್‌ಸ್ಪೆಕ್ಟರ್ ಮತ್ತೆ ಹಲಗೆಯ ಮುಂದೆ ನಿಂತರು. ಹತ್ತು ಬೀಗಗಳಲ್ಲಿ ಒಂಬತ್ತು ತೆರೆದಿದ್ದವು, ಕೀಲಿ ಸಮೇತ. ಸತ್ತವನದು ಮಾತ್ರ ಮುಚ್ಚಿತ್ತು.

“ಈ ಬೀಗದ ಬುದ್ಧೀನೇ ಹಾಗೆ, ಮೇಡಂ,” ಎಂದನು ಇನ್ನೊಬ್ಬ ಫಿಟ್ಟರ್. “ಮುಚ್ಚಿದ್ರೇನೆ ಕೀಲಿ ಬಿಡೋದು. ತೆರೆದಿದ್ರೆ ಜಿಗಣೆ ಹಾಗೆ ಕಚ್ಕೊಂಡಿರುತ್ತೆ.”

“ಹಲಗೆ ಮೇಲೇ ಮುಚ್ಚಿ, ಕೀಲಿ ಜೇಬಿಗೆ ಹಾಕ್ಕೊಂಡಿದ್ರೆ?”

“ಗಾಳಿಗೆ ಯಾರಾದ್ರೂ ಬೀಗ ಹಾಕ್ತಾರಾ? ಅವನು ಸ್ವಿಚ್ಚಿಗೇ ಹಾಕಿದಾನೆ. ಬೇರೆ ಕೀಲೀಲಿ ತೆಗೆದು, ಮುಚ್ಚಿ, ಇಲ್ಲಿ ನೇತುಹಾಕಿದೋನು ಕೈಗೆ ಎಣ್ಣೆ ಹತ್ತದೋನು, ನಮ್ಮೋನಲ್ಲ.”

ಎರಡನೆಯ ಕೀಲಿಗಳಿದ್ದುದು ಮ್ಯಾನೇಜರ್‌ನ ಕಪಾಟಿನಲ್ಲಿ ಮಾತ್ರ. ಬೀಗವನ್ನೂ ಅದರ ಎರಡನೆಯ ಕೀಲಿಯನ್ನೂ ವಶಪಡಿಸಿಕೊಂಡು ಬೆರಳಚ್ಚು ಪರೀಕ್ಷೆಗೆ ಕಳುಹಿಸಲಾಯಿತು. ಎರಡು ವರ್ಷಗಳಲ್ಲಿ ಅವನ ಕೈಕೆಳಗಿನ ಮೂವರು ಅವಮಾನ ತಾಳದೆ ಕೆಲಸ ಬಿಟ್ಟಿದ್ದರೆಂಬುದೂ ತಿಳಿಯಿತು. ಅವರ ದೂರುಗಳನ್ನು ಮೇಲಿನವರು ಓದಿದ್ದರು. ಓದಿ, ಅವನ ಕ್ರೌರ್ಯಕ್ಕೆ ಶಿಸ್ತು ಎಂದು ಹೆಸರಿಟ್ಟು ಬಡ್ತಿ ಕೊಟ್ಟಿದ್ದರು. ನಯವಾದ ನಾಲಿಗೆಯನ್ನು ಸದ್ಗುಣವೆಂದು ನಂಬಿದ ಈ ವಿದ್ಯಾವಂತರನ್ನು ಯಾವ ಸೆಕ್ಷನ್ನಿನಡಿ ಬಂಧಿಸಬೇಕು?

ಹದಿನೇಳರಂದು ಬೆಳಿಗ್ಗೆ ವರದಿ ಬಂದಿತು. ಬೀಗದ ಮೇಲೂ ಎರಡನೆಯ ಕೀಲಿಯ ಮೇಲೂ ಮ್ಯಾನೇಜರ್‌ನ ಹೆಬ್ಬೆರಳು. 10.45ಕ್ಕೆ ಅವನನ್ನು ಅವನ ಕೋಣೆಯಲ್ಲೇ ಬಂಧಿಸಿದರು. ಅವನು ವರದಿಯನ್ನು ಎರಡು ಬಾರಿ ಓದಿ, ಅಚ್ಚುಕಟ್ಟಾಗಿ ಮಡಚಿ ಹಿಂದಿರುಗಿಸಿದನು.

“ಯಾಕೆ ಮಾಡಿದ್ರಿ?”

“ಮೀಟಿಂಗ್‌ನಲ್ಲಿ ದೊಡ್ಡ ಸಾಹೇಬರ ಮುಂದೆ ನಾನು ಹೇಳಿದ್ದು ಸುಳ್ಳು ಅಂದ. ಎಲ್ಲರೂ ನಕ್ಕರು.”

“ಅವನ ಭಾಮೈದನ ಕೈಯಿಂದಲೇ ಯಾಕೆ?”

ಪ್ರಶ್ನೆ ಅವನಿಗೆ ನಿಜಕ್ಕೂ ಅರ್ಥವಾದಂತೆ ಕಾಣಲಿಲ್ಲ. “ಆ ಪಾಳಿಲಿ ಗುಂಡಿ ಹತ್ರ ಅವನೇ ತಾನೇ ಇದ್ದಿದ್ದು?”

ಪ್ರಕರಣವನ್ನು ಕೊಲೆಗೆ ಬದಲಾಯಿಸಿ ನ್ಯಾಯಾಲಯಕ್ಕೆ ವರದಿ ಸಲ್ಲಿಸಿದರು. ಸಂಜೆ 4.40ಕ್ಕೆ ಆಪರೇಟರ್ ಬಿಡುಗಡೆಯಾದನು. ಕರೆಸಿದ್ದಕ್ಕೆ ಬಂದಿದ್ದ ಅಕ್ಕ ಇನ್‌ಸ್ಪೆಕ್ಟರರನ್ನು ಕೇಳಿದಳು:

“ಯಾಕಂತೆ, ಮೇಡಂ?”

“ಮೀಟಿಂಗ್‌ನಲ್ಲಿ ನಕ್ಕರಂತೆ.”

“ಅಷ್ಟೇನಾ?”

ಅದಕ್ಕಿಂತ ದೊಡ್ಡ ಕಾರಣವನ್ನು ಇನ್‌ಸ್ಪೆಕ್ಟರ್ ಎಲ್ಲಿಂದ ತರಬೇಕು? “ಅಷ್ಟೇ, ತಾಯಿ.”

“ಅಕ್ಕ, ಒತ್ತಿದ್ದು ನಾನೇ ಕಣೇ,” ಎಂದನು ತಮ್ಮ, ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು.

ಅವಳು ಆ ಕೈಯನ್ನೇ ಮುಂದಕ್ಕೆಳೆದು ಹಿಡಿದುಕೊಂಡಳು. “ನಡಿಯೋ ಮನೆಗೆ.”