ಕಾಲಿಲ್ಲದ ಕುದುರೆ

"ಕೈ ತೆಗೀರಿ ಆ ಚಿತ್ರದ ಮೇಲಿಂದ!"

ಬುರುಲ್ ಕೂಗಿದ ಕೂಗಿಗೆ ಶಿಕ್ಷಕರ ಕೋಣೆಯಲ್ಲಿ ಒಬ್ಬನೇ ಕೂತಿದ್ದ ತಲಾಯ್ ಬೆಚ್ಚಿಬಿದ್ದ. ಅವನ ಕೈಯಲ್ಲಿ ರಬ್ಬರ್! ಎದುರಿಗೆ ಏಳನೇ ತರಗತಿಯ ಹುಡುಗಿ ಸೈಕಾಲ್ ಬಿಡಿಸಿದ ಕುದುರೆ... ಹಾಳೆಯ ಕೆಳಭಾಗವೆಲ್ಲ ಮಸಿಮಸಿ.

ರೇಖಾಗಣಿತ ಕಲಿಸುವವನಿಗೆ ಚಿತ್ರದ ಉಸಾಬರಿ ಯಾಕೆ? ಚಿತ್ರಕಲಾ ಶಿಕ್ಷಕಿ ಬುರುಲ್‌ಳ ಮೈಯೆಲ್ಲ ಉರಿದುಹೋಯಿತು.

"ತಲಾಯ್ ಅಗಾಯ್, ಮೇಷ್ಟ್ರಾಗಿ ಏನು ಮಾಡಿದ್ರಿ ಗೊತ್ತಾ? ಆ ಹುಡುಗಿ ಒಂದು ವರ್ಷ ಪೆನ್ಸಿಲ್ ಮುಟ್ಟಿರಲಿಲ್ಲ! ಚಿಕ್ಕವಳಿದ್ದಾಗ ಗೋಡೆ ತುಂಬ ಗೀಚ್ತಿದ್ದಳು. ಹನ್ನೆರಡು ತುಂಬಿದ್ದೇ ತಡ, ಕಣ್ಣಿಗೆ ಕಂಡದ್ದು ಕೈಗೆ ಬರ್ತಿಲ್ಲ ಅಂತ ನಾಚಿಕೆ. ಬಿಡಿಸೋದು, ಹರಿಯೋದು, ಅಳೋದು, ಕೊನೆಗೆ ಬಿಟ್ಟೇಬಿಟ್ಟಳು! 'ಕೂತಲ್ಲಿಂದ ಕಂಡದ್ದನ್ನೇ ಬರಿಯೇ' ಅಂತ ಎಷ್ಟು ಗೋಗರೆದಿದ್ದೀನಿ..."

"ಬುರುಲ್ ಎಜೆ, ಒಂದು ನಿಮಿಷ..."

"ಮಾತಾಡ್ಬೇಡಿ!"

ಸೈಕಾಲ್ ಕೊನೆಗೂ ಬರೆದಿದ್ದಳು. ಬೇಸಿಗೆಯಿಡೀ ಹುಲ್ಲುಗಾವಲಿನಲ್ಲಿ ಜೀನಿನ ಮೇಲೆ ಕೂತು ಕಂಡದ್ದನ್ನೇ: ಎರಡು ಕಿವಿ, ಕೆದರಿದ ಜೂಲು, ನಡುವೆ ದಾರಿ. ಇನ್ನೊಂದು ಗಂಟೆಯಲ್ಲಿ ಅದು ನರೀನ್ ಪಟ್ಟಣದ ಪ್ರದರ್ಶನಕ್ಕೆ ಹೊರಡಬೇಕಿತ್ತು. ಅದರ ಮೇಲೆ ಬೇರೆಯವರ ಕೈ ಬಿದ್ದದ್ದು ಗೊತ್ತಾದರೆ ಹುಡುಗಿ ಮತ್ತೆಂದೂ ಪೆನ್ಸಿಲ್ ಹಿಡಿಯಲಾರಳು.

'ಛೇ! ಇವನನ್ನಾ ನಾನು ಒಳ್ಳೆಯವನು ಅಂದುಕೊಂಡದ್ದು? ದಿನಾ ನನ್ನ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತು ನೋಟ್‌ಬುಕ್ ತಿದ್ದುವಾಗ...' ಬುರುಲ್‌ಗೆ ಅಳು ಒತ್ತರಿಸಿ ಬಂತು. ಅಳು ಬಂದದ್ದಕ್ಕೂ ಸಿಟ್ಟು ಬಂತು!

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಜುಮಾಗುಲ್ ಚಹಾದ ಬಟ್ಟಲು ಹಿಡಿದು ಒಳಗೆ ಬಂದರು. ಚಿತ್ರ ನೋಡಿ ಹೌಹಾರಿದರು.

"ಅಯ್ಯೋ! ನಾನು ಬರೆದ ಕಾಲುಗಳೆಲ್ಲಿ? ಬೆಳಗ್ಗೆಯಿಂದ ಕೂತು ನಾಲ್ಕೂ ಬರೆದಿದ್ದೆನಲ್ಲ! ಕಾಲಿಲ್ಲದ ಕುದುರೆ ಕಳಿಸಿದ್ರೆ ಊರು ನಗಲ್ವಾ?"

ಬುರುಲ್ ದಂಗಾಗಿ ತಲಾಯ್‌ನ ಕಡೆ ನೋಡಿದಳು.

"ಮೂರು ಅಳಿಸಿದೆ, ಒಂದು ಉಳಿದಿದೆ," ಎಂದ ಅವನು ಮೆಲ್ಲಗೆ. "ಹೇಳೋಕೆ ಬಿಟ್ರೆ ತಾನೇ ನೀವು?"

ಅವಳ ಸಿಟ್ಟು ಗರ್ರನೆ ಅತ್ತ ತಿರುಗಿತು.

"ಜುಮಾಗುಲ್ ಎಜೆ, ನೀವೂ ಕುದುರೆ ಹತ್ತಿದವರೇ ಅಲ್ವಾ? ಮೇಲೆ ಕೂತಾಗ ಅದರ ಕಾಲು ಕಾಣ್ಸುತ್ತಾ? ಹೇಳಿ!"

ಜುಮಾಗುಲ್ ಚಹಾದ ಬಟ್ಟಲು ಮೇಜಿನ ಮೇಲಿಟ್ಟರು. "ಇಲ್ಲ... ಕಿವಿಯೇ ಕಾಣೋದು."

"ಮತ್ತೆ? ಇನ್ನು ಯಾರಾದ್ರೂ ಮಕ್ಕಳ ಚಿತ್ರಕ್ಕೆ ಕೈ ಹಾಕಿದ್ರೆ ನಾನು ಸುಮ್ನಿರಲ್ಲ!"

"ಆಯ್ತಮ್ಮ ತಾಯಿ, ಹಾಗೇ ಕಳಿಸು," ಎಂದು ಅವರು ಜಾಗ ಖಾಲಿ ಮಾಡಿದರು.

ಉಳಿದ ಕಾಲನ್ನು ತಲಾಯ್ ಅಳಿಸಿದ. ಬುರುಲ್ ಹಾಳೆ ಹಿಡಿದುಕೊಂಡಳು.

"ತಪ್ಪಾಯ್ತು ಅಗಾಯ್. ಆದ್ರೆ... ನಿಮಗ್ಯಾಕೆ ಇಷ್ಟು ಕಾಳಜಿ?"

"ಹದಿಮೂರರಲ್ಲಿ ನನ್ನ ಕುದುರೆಗೂ ಮೇಷ್ಟ್ರು ಕೆಂಪು ಶಾಯಿಯಲ್ಲಿ ಕಾಲು ತಿದ್ದಿದ್ರು. ಅವತ್ತೇ ಬಿಟ್ಟೆ. ಮತ್ತೆ ಶುರು ಮಾಡಿದ್ದು ನಿಮ್ಮ ಕೊನೇ ಬೆಂಚಲ್ಲಿ."

ಅವನು ತನ್ನ ನೋಟ್‌ಬುಕ್ ತೆರೆದ. ಪುಟಪುಟದಲ್ಲೂ ಬುರುಲ್! ಕಪ್ಪುಹಲಗೆಯ ಮುಂದೆ ಅವಳ ಜಡೆ, ತೋಳಿಗೆ ಮೆತ್ತಿದ ಸೀಮೆಸುಣ್ಣ... ಒಂದರಲ್ಲೂ ಮುಖವಿಲ್ಲ.

"ಮುಖ ಎಲ್ಲಿ?"

"ಕಂಡದ್ದನ್ನೇ ಬರೀಬೇಕು ಅಂದವರು ನೀವು. ನೀವು ಈ ಕಡೆ ತಿರುಗಿದ ಕೂಡಲೇ ನಾನು ತಲೆ ತಗ್ಗಿಸ್ತಿದ್ದೆ. ಧೈರ್ಯ ಸಾಲ್ತಿರಲಿಲ್ಲ... ನಂಗೆ ನೀವಂದ್ರೆ ತುಂಬಾ ಇಷ್ಟ, ಬುರುಲ್."

ಅವಳು ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು. ಕೆನ್ನೆ ಕೆಂಪಾಗಿತ್ತು, ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಹೂಂ, ತಲೆ ಎತ್ತಿ. ಈಗ ಬರೀರಿ... ಆ ರಬ್ಬರ್ ಮಾತ್ರ ಆಚೆ ಇಡಿ!"