ಬುಗುಡಿ ಮೆಣಸಿಗೊಂದು ಏರ್ ಪಂಪ್

"ಎಷ್ಟು ಮೀನಿಗೆ?"

"ಮೀನಿಗಲ್ಲ..."

"ಮತ್ತೆ?"

"ಮೆಣಸಿನ ಗಿಡಕ್ಕೆ!"

ಸಾಕುಮೀನಿನ ಅಂಗಡಿಯಲ್ಲಿ ತೊಟ್ಟಿಗಳು ಗುಳುಗುಳು ಅನ್ನುತ್ತಿದ್ದವು. ಅಂಗಡಿಯ ನಾಗಪತಿ ನಕ್ಕ. ನಕ್ಕ ಅಂದರೆ ಅಂತಿಂಥ ನಗುವಲ್ಲ! ಕೈಯಲ್ಲಿದ್ದ ಮೀನಿನ ಬಲೆ ಜಾರಿ ನೀರಿಗೆ ಬಿತ್ತು. ಕಿತ್ತಳೆ ಮೀನುಗಳೆಲ್ಲ ಹೆದರಿ ಮೂಲೆ ಸೇರಿದವು.

ನಮಿತಾಳ ಮುಖ ಕೆಂಪೇರಿತು. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಕೆಲಸಕ್ಕಿದ್ದು ಹುಡುಗರನ್ನೆಲ್ಲ ಗದರಿಸಿ ಇಟ್ಟುಕೊಂಡಿರುವ ಹುಡುಗಿ ಅವಳು. ಒಬ್ಬ ಮೀನಂಗಡಿಯವನು ಹೀಗೆ ಹಲ್ಲು ಕಿರಿದರೆ ಸುಮ್ಮನಿರುತ್ತಾಳೆಯೇ?

"ನಗೂಕೆ ಎಂತ ಇದೆ ಇದ್ರಲ್ಲಿ? ಬೇರಿಗೂ ಉಸಿರು ಬೇಕು. ಮಣ್ಣಾದ್ರೆ ಸಂದಿಯಲ್ಲಿ ಗಾಳಿ ಸಿಗ್ತದೆ. ಬರೀ ನೀರಲ್ಲಿ ಬೆಳೆಸಿದ್ರೆ ಯಾರು ಕೊಡ್ತಾರೆ ಗಾಳಿ? ನೀವಾ?"

ನಾಗಪತಿಯ ನಗು ನಿಂತಿತು. ಕಣ್ಣು ಅಗಲವಾದವು.

"ನೀರಲ್ಲಿ ಮೆಣಸಾ? ಮಣ್ಣೇ ಇಲ್ದೆ?"

"ಮಣ್ಣೇ ಇಲ್ದೆ. ಮನೆ ಒಳಗೆ. ಟ್ಯೂಬ್‌ಲೈಟ್ ಬೆಳಕಲ್ಲಿ. ಈಗ ಪಂಪ್ ಕೊಡ್ತೀರೋ, ಇನ್ನೂ ನಗೂದು ಬಾಕಿ ಇದೆಯೋ?"

ಅವನು ಏರ್ ಪಂಪನ್ನು ಚೀಲಕ್ಕೆ ಹಾಕಿ ಕೊಟ್ಟ. ಅವಳು ದುಡ್ಡನ್ನು ಟೇಬಲ್ ಮೇಲೆ ಕುಕ್ಕಿ ಹೊರಟಳು. 'ಇನ್ನೊಂದು ಸಲ ಈ ಅಂಗಡಿಯ ಮೆಟ್ಟಿಲು ಹತ್ತಿದರೆ ಕೇಳು!' ಎಂದು ತನಗೆ ತಾನೇ ಹೇಳಿಕೊಂಡಳು.

ಮನೆಗೆ ಬಂದು ನೋಡುತ್ತಾಳೆ, ಪಂಪ್ ಇದೆ, ಗಾಳಿ ಹಾಯಿಸುವ ಪೈಪ್ ಇಲ್ಲ!

* * *

ನಮಿತಾಳಿಗೆ ಹುಚ್ಚು ಹಿಡಿದಿರಲಿಲ್ಲ. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಶಿರಸಿ ಪೇಟೆಯಲ್ಲಿ ಇಂಟರ್ನೆಟ್ ಅಂಗಡಿಗಳು ಆಗಷ್ಟೇ ಬಂದಿದ್ದವು. ಅಲ್ಲಿ ಕುಳಿತು ಓದಿ ಓದಿಯೇ ಅವಳು ಮಣ್ಣಿಲ್ಲದ ಬೇಸಾಯ ಕಲಿತದ್ದು. ಕಾರಣ, ಅವಳ ಆಯಿ, ಅಂದರೆ ತಾಯಿ, ಸುಬ್ಬಲಕ್ಷ್ಮಿ.

ಕಳೆದ ವರ್ಷದ ಜ್ವರದಿಂದ ಎದ್ದ ಮೇಲೆ ಆಯಿಗೆ ಬಾಯಿರುಚಿಯೇ ಹೋಗಿತ್ತು. ಏನು ಬಡಿಸಿದರೂ ಎರಡು ತುತ್ತು ತಿಂದು ತಟ್ಟೆ ದೂಡುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ, "ಬುಗುಡಿ ಮೆಣಸಿನ ಅಪ್ಪೆಹುಳಿ ಒಂದ್ಸಲ ಕುಡಿಯವು ಕಾಣ್ತು ಮಗಳೆ..." ಅಂದುಬಿಟ್ಟರು. ಮಾವಿನಕಾಯಿಯ ಆ ತೆಳು ಸಾರಿಗೆ ಬುಗುಡಿಯ ಖಾರವೇ ಆಗಬೇಕು.

ಬುಗುಡಿ ಮೆಣಸು! ನಿಲ್ಕುಂದದ ಅಜ್ಜಿಯ ಹಿತ್ತಿಲಿನಲ್ಲಿ ಬೆಳೆಯುತ್ತಿದ್ದ, ಕಿವಿಯ ಬುಗುಡಿಯಷ್ಟೇ ಗಾತ್ರದ ಗುಂಡು ಮೆಣಸು. ಎಲೆ ಮುದುಡುವ ಮುಟುರು ರೋಗ ಬಂದು ಅಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಆಯಿ ಕರಡಿಗೆಯಲ್ಲಿ ಬೂದಿ ಸೇರಿಸಿ ಇಟ್ಟುಕೊಂಡಿದ್ದ ಒಂದು ಚಿಟಿಕೆ ಬೀಜವೇ ಕೊನೆಯದು. ಇದೂ ಹೋದರೆ ಆ ಮೆಣಸಿನ ಸಂತಾನವೇ ಮುಗಿಯಿತು.

ಯಲ್ಲಾಪುರ ನಾಕೆಯ ಹತ್ತಿರದ ಬಾಡಿಗೆ ಮಹಡಿ ಮನೆಯಲ್ಲಿ ಹಿತ್ತಿಲು ಎಲ್ಲಿಂದ ಬರಬೇಕು? ತಾರಸಿಯ ಮೇಲಿಟ್ಟ ಮೊದಲ ಕುಂಡಗಳನ್ನು ಮಂಗಗಳು ಮುಗಿಸಿದವು. ಉಳಿದ ಬೀಜವನ್ನು ಅವಳು ಒಳಗಿನ ಕೋಣೆಯಲ್ಲೇ ಮೊಳಕೆಗೆ ಹಾಕಿದಳು.

ಏರ್ ಪಂಪ್ ತಂದ ದಿನದ ಸಂಜೆಯೇ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೀನಂಗಡಿಯವನು! ಕೈಯಲ್ಲಿ ಸುರುಳಿ ಸುತ್ತಿದ ಪೈಪ್.

"ಇದು ಅಲ್ಲೇ ಉಳೀತು. ಪೈಪ್ ಇಲ್ದೆ ಎಂತ ಮಾಡ್ತೀರಿ, ಬಾಯಲ್ಲಿ ಊದ್ತೀರಾ?"

"ಮನೆ ಹೇಗೆ ಗೊತ್ತಾಯ್ತು?"

"ಮೆಣಸಿಗೆ ಲೈಟ್ ಹಾಕಿದವರ ಮನೆ ಯಾವ್ದು ಅಂತ ಕೇಳ್ದೆ. ಕೆಳಗಿನ ಮನೆ ದೇವಕ್ಕ ಬೆರಳು ಮಾಡಿ ತೋರ್ಸಿದ್ರು."

ಬಾಡಿಗೆ ಮನೆಯ ಒಡತಿ ದೇವಕ್ಕನ ಬಾಯಿಗೆ ಬಿದ್ದ ಸುದ್ದಿ ಬೀದಿ ದಾಟದೆ ಇರುತ್ತದೆಯೇ? ನಮಿತಾ ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಆಯಿಯ ದನಿ ಬಂತು.

"ಯಾರೇ ಅದು? ಬಾರೋ ತಮಾ, ಒಳಗೆ ಬಾ. ಯಾವ ಬದಿಯವ ನೀನು?"

"ಮನ್ಮನೆ ಬದಿಯವ."

"ಓ, ನಮ್ಮವನೇ ಆತು!"

ಮುಗಿಯಿತು. ಪೇಟೆಯ ಕನ್ನಡ ಬಾಗಿಲಲ್ಲೇ ಉಳಿಯಿತು, ಮನೆ ಮಾತು ಒಳಗೆ ಬಂತು.

ನಾಗಪತಿ ಕೋಣೆಯಲ್ಲಿ ಬೆರಗಾಗಿ ನಿಂತ. ಕಪ್ಪು ಕಾಗದ ಸುತ್ತಿದ ಬಕೆಟ್‌ಗಳು, ಮೇಲೆ ಥರ್ಮಾಕೋಲಿನ ಮುಚ್ಚಳ, ಮುಚ್ಚಳದ ತೂತುಗಳಲ್ಲಿ ಪುಟ್ಟ ಸಸಿಗಳು. ಗೋಡೆಗೆಲ್ಲ ಅಂಟಿಸಿದ ಬೆಳ್ಳಿ ಕಾಗದ ಟ್ಯೂಬ್‌ಲೈಟಿನ ಬೆಳಕನ್ನು ಗಿಡಗಳತ್ತ ತಿರುಗಿಸುತ್ತಿತ್ತು. ಅವನು ಒಂದು ಮುಚ್ಚಳ ಎತ್ತಿ ನೋಡಿದ. ಬೆಳ್ಳನೆಯ ಬೇರುಗಳು ನೀರಿನಲ್ಲಿ ಇಳಿಬಿದ್ದಿದ್ದವು.

"ಇದು ಊಟಕ್ಕೆ ಎಂತ ಮಾಡ್ತು?"

"ಗೊಬ್ಬರದ ಉಪ್ಪನ್ನೆಲ್ಲ ಅಳತೆ ಮಾಡಿ ನೀರಿಗೆ ಹಾಕ್ತೆ. ನೀರು ಚೂರು ಹುಳಿ ಇರವು. ಅದಕ್ಕೆ ವಾಟೆಹುಳಿ ಕುದಿಸಿದ ನೀರು."

"ಸಾರಿಗೆ ಹಾಕ ವಾಟೆಹುಳಿಯನ?!"

"ಹೌದು. ಲಿಟ್ಮಸ್ ಕಾಗದ ಅದ್ದಿ ನೋಡದು."

"ನಲ್ಲಿ ನೀರು ಸೀದಾ ಹಾಕಡ ಮತ್ತೆ. ಬ್ಲೀಚಿಂಗ್ ಇರ್ತು, ಎನ್ನ ಮೀನೇ ಸಾಯ್ತ. ಒಂದು ದಿನ ತೆರೆದ ಪಾತ್ರೇಲಿ ಇಟ್ಟು ಹಾಕು."

"ಅಕ್ಕು," ಎಂದು ತಲೆಯಾಡಿಸಿ ಒಪ್ಪಿದಳು ನಮಿತಾ.

ಅವನಿಗೆ ಎಲ್ಲದರ ಮೇಲೂ ಪ್ರಶ್ನೆ. ಅವಳಿಗೆ ಉತ್ತರ ಹೇಳುವುದರಲ್ಲೇ ಖುಷಿ. ಇಷ್ಟು ದಿನ ಯಾರೂ ಕೇಳಿರಲಿಲ್ಲವಲ್ಲ! ಹೊರಡುವಾಗ ಅವನ ಕಣ್ಣು ಮೂಲೆಯಲ್ಲಿ ಬಾಡಿ ಮಲಗಿದ್ದ ಒಂದು ಸಸಿಯ ಮೇಲೆ ಬಿತ್ತು.

"ಅದು ಬದುಕ್ತಿಲ್ಲೆ. ಎಸೆಯವು," ಅಂದಳು ನಮಿತಾ.

"ಹಂಗಾರೆ ಎಂಗೆ ಕೊಡು."

ಅವಳು ನಕ್ಕು ಕೊಟ್ಟಳು. ಮರುದಿನಕ್ಕೆ ಅದನ್ನು ಮರೆತೂಬಿಟ್ಟಳು.

* * *

ನಾಗಪತಿ ಬರಲು ನೆವಗಳಿಗೆ ಬರವಿರಲಿಲ್ಲ. ಕರೆಂಟ್ ಹೋದಾಗಲಂತೂ ಓಡಿ ಬರುತ್ತಿದ್ದ. ಪಂಪ್ ನಿಂತರೆ ಬೇರು ಉಸಿರುಗಟ್ಟುತ್ತದಲ್ಲ! ಇಬ್ಬರೂ ಬಕೆಟ್‌ಗಳ ನಡುವೆ ಕುಳಿತು ಸೌಟಿನಲ್ಲಿ ನೀರು ತಿರುವುತ್ತಿದ್ದರು. ಕರೆಂಟ್ ಬಂದರೆ ಇಬ್ಬರಿಗೂ ಸ್ವಲ್ಪ ಬೇಜಾರೇ ಆಗುತ್ತಿತ್ತು. ಆದರೆ ಹೇಳುವವರು ಯಾರು?

ಗಿಡ ಹೂ ಬಿಟ್ಟಿತು. ಬಿಟ್ಟ ಹೂವೆಲ್ಲ ಉದುರಿತು!

"ಗಾಳಿ ಇಲ್ಲೆ, ಜೇನಿಲ್ಲೆ. ಹೂವು ಅಲ್ಲಾಡದೇ ಕಾಯಿ ಹೆಂಗೆ ಕಚ್ಚವು?" ಎಂದ ನಾಗಪತಿ, ತೊಟ್ಟಿ ಒರೆಸುವ ಮೆತ್ತನೆಯ ಕುಂಚ ತಂದು ಒಂದು ಬಿಳಿ ಹೂವನ್ನು ಮುಟ್ಟಿದ. ನೋಡಲು ನಮಿತಾ ಬಗ್ಗಿದಳು. ಅವನ ಉಸಿರು ಅವಳ ಕೆನ್ನೆಗೆ ತಾಗಿತು.

'ಇದೇನಾಗ್ತಾ ಇದೆ ನನಗೆ?' ಅಂದುಕೊಂಡಳು ಅವಳು. ಅವನೂ ಮುಟ್ಟಿದ ಹೂವನ್ನೇ ಮತ್ತೆ ಮತ್ತೆ ಮುಟ್ಟುತ್ತಿದ್ದ.

ಅಷ್ಟೇ. ಮರುವಾರ ಗಿಡಗಳು ಸಾಯಲು ಶುರುವಾದವು.

ಮೊದಲು ಚಿಗುರು ಹಳದಿಯಾಯಿತು. ಆಮೇಲೆ ಬಿಳಿ ಬೇರುಗಳು ಕಂದು ಬಣ್ಣಕ್ಕೆ ತಿರುಗಿ ಮೊಂಡಾದವು. ನಮಿತಾ ಗೊಬ್ಬರ ಬದಲಿಸಿದಳು, ದಿನಕ್ಕೆರಡು ಸಲ ಲಿಟ್ಮಸ್ ಅದ್ದಿದಳು. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಬಕೆಟ್ಟಿನ ನೀರನ್ನು ಲ್ಯಾಬಿಗೆ ಒಯ್ದಳು. ಕುದಿಸಿ ಇಂಗಿಸಿ, ಅಮೋನಿಯಾ ಹನಿ ಬಿಟ್ಟಳು.

ನೀರು ತೆಳುವಾಗಿ ನೀಲಿಯಾಯಿತು.

ತಾಮ್ರ! ಬೇರಿಗೆ ವಿಷ! ಎಲ್ಲಿಂದ ಬಂತು?

ಅವಳ ಕಣ್ಣ ಮುಂದೆ ಪಂಪ್ ತರಲು ಹೋದಾಗ ನಾಗಪತಿಯ ಅಂಗಡಿಯಲ್ಲಿ ಕಂಡ ನೀಲಿ ಸೀಸೆ ಬಂದು ನಿಂತಿತು. ಮೀನಿಗೆ ರೋಗ ಬಂದರೆ ಹಾಕುವ ಔಷಧ, ಮೈಲುತುತ್ತದ್ದು, ಅಂದರೆ ತಾಮ್ರದ್ದೇ. ಹಿಂದಿನ ವಾರ ನಲ್ಲಿ ಬರದಿದ್ದಾಗ ನೀರು ಹೊತ್ತು ತಂದವನು ಅವನೇ, ಅಂಗಡಿಯ ಬಕೆಟ್ಟಿನಲ್ಲಿ!

ಆ ಮೆಟ್ಟಿಲನ್ನು ಅವಳು ಮತ್ತೆ ಹತ್ತಿದಳು. ಅಂಗಡಿಯ ತುಂಬ ಗಿರಾಕಿಗಳು.

"ನಿಮ್ಮ ಮೀನಿನ ಔಷಧದ ಬಕೆಟ್ಟಲ್ಲಿ ನನ್ನ ಗಿಡಕ್ಕೆ ನೀರು ತಂದ್ರಲ್ಲ... ಒಂದ್ಸಲ ತೊಳೀಬೇಕು ಅಂತ ಅನ್ನಿಸ್ಲಿಲ್ವಾ? ಅದು ಕೊನೆ ಬೀಜ ಅಂತ ಗೊತ್ತಿತ್ತಲ್ಲ ನಿಮ್ಗೆ!"

ಮನೆ ಮಾತು ಹೋಗಿ ಪೇಟೆಯ ಮಾತು ಬಂದಿತ್ತು. ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು. ಏನೋ ಹೇಳಲು ಬಾಯಿ ತೆರೆದ... ಮುಚ್ಚಿದ.

'ಸುಮ್ಮನಿದ್ದಾನೆ! ಅಂದರೆ ತಪ್ಪು ಅವನದ್ದೇ!' ನಮಿತಾ ಕಣ್ಣೀರು ಒರೆಸಿಕೊಳ್ಳುತ್ತ ಇಳಿದು ಹೋದಳು.

* * *

ನಾಗಪತಿ ಬರುವುದು ನಿಂತಿತು. ಕೋಣೆಯಲ್ಲಿ ಪಂಪ್ ಒಂದೇ ಗೊಣಗುತ್ತಿತ್ತು. ನಮಿತಾ ಬಕೆಟ್‌ಗಳನ್ನೆಲ್ಲ ತೊಳೆದು ಹೊಸ ನೀರು ತುಂಬಿದಳು. ಗಿಡಗಳು ಚೇತರಿಸಿಕೊಳ್ಳಲಿಲ್ಲ. ಅನುಮಾನ ಬಂದು ಆ ನೀರನ್ನೂ ಪರೀಕ್ಷೆ ಮಾಡಿದಳು.

ಮತ್ತೆ ನೀಲಿ!

ಅವಳು ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನಾಗಪತಿ ಇತ್ತ ಕಾಲಿಟ್ಟಿಲ್ಲ. ಅವನ ಬಕೆಟ್ಟೂ ಬಂದಿಲ್ಲ. ಹಾಗಾದರೆ...?

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಆಯಿ ಹೆಮ್ಮೆಯಿಂದ ಹೇಳುತ್ತಿದ್ದರು:

"ನೋಡೇ ಮಗಳೆ, ಈ ಹಂಡೆ ಒಳಗೆ ಈಗ ಹುಣಸೆಹಣ್ಣು ಹಾಕಿ ತಿಕ್ಕದೇ ಬ್ಯಾಡ. ತನ್ನಷ್ಟಕ್ಕೇ ಫಳಫಳ ಹೊಳೀತು!"

ನಮಿತಾ ಬಗ್ಗಿ ನೋಡಿದಳು. ತಾಮ್ರದ ಹಂಡೆ. ಆಯಿಯ ಮದುವೆಯಲ್ಲಿ ಕೊಟ್ಟದ್ದು. ಗಿಡ ದೊಡ್ಡದಾಗಿ ನೀರು ಹೆಚ್ಚು ಬೇಕಾದಾಗ, ಅಟ್ಟದಿಂದ ಇಳಿಸಿದವಳು ಅವಳೇ. ನಲ್ಲಿ ನೀರನ್ನು ಒಂದು ದಿನ ಇಡಬೇಕಲ್ಲ, ಶುದ್ಧಕ್ಕೆ ತಾಮ್ರಕ್ಕಿಂತ ಬೇಕೆ ಅಂದುಕೊಂಡಿದ್ದಳು. ಅದೇ ಹಂಡೆಗೆ ಸಂಜೆ ವಾಟೆಹುಳಿ ನೀರನ್ನೂ ಸುರಿಯುತ್ತಿದ್ದಳು. ಹುಳಿ ನೀರು ಇಡೀ ರಾತ್ರಿ ತಾಮ್ರವನ್ನು ತಿಂದು, ಬೆಳಿಗ್ಗೆ ಬೇರಿಗೆ ಇಳಿಯುತ್ತಿತ್ತು!

ಕಲಾಯಿ ಇಲ್ಲದ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದೆಂದು ಈ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ರಸಾಯನಶಾಸ್ತ್ರ ಓದಿದವಳಿಗೆ ಹೊಳೆಯಲಿಲ್ಲ. ಗಿಡದ ನೀರನ್ನು ಅವಳು ಅಡುಗೆಯೆಂದು ಎಣಿಸಿರಲೇ ಇಲ್ಲ.

"ಆಯೀ... ಕೊಂದವ್ಳು ಆನೇ. ಅಂವ ಅಲ್ಲ. ಆನು..."

ಸುಬ್ಬಲಕ್ಷ್ಮಿ ಮಗಳನ್ನು ಎದೆಗೆ ಒರಗಿಸಿಕೊಂಡರು. ಗಿಡದ ವಿಷಯವನ್ನೇ ಎತ್ತಲಿಲ್ಲ.

"ಗಿಡ ಹೋತು, ಹೋಗ್ಲಿ. ಆ ಮಾಣಿ ಹತ್ರ ಹೋಗಿ ಬಾ."

* * *

ಅಂಗಡಿ ಅದೇ ಆಗ ತೆರೆದಿತ್ತು. ನಾಗಪತಿ ಮೀನುಗಳಿಗೆ ಕಾಳು ಹಾಕುತ್ತಿದ್ದ. ಮುಖ ಸೊರಗಿತ್ತು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ನಮಿತಾಳಿಗೆ ಮರೆತುಹೋದವು.

"ತಾಮ್ರದ ಹಂಡೆ..." ಎಂದಳು. "ಹುಳಿ ನೀರು ಹಾಕಿ ಇಟ್ಟವ್ಳು ಆನು. ನಿನ್ನ ಬಕೆಟ್ಟಲ್ಲ. ಅಷ್ಟು ಜನರ ಎದುರಿಗೆ ಬೈದ್ನಲಾ... ತಪ್ಪಾತು ನಾಗಪತಿ. ಗಿಡ ಎಲ್ಲ ಸತ್ತೋತು. ಅದಕ್ಕಿಂತ ನೀ ಬರದೇ ಇದ್ದಿದ್ದೇ..."

ನಾಗಪತಿ ಕಾಳಿನ ಡಬ್ಬಿ ಕೆಳಗಿಟ್ಟ.

"ಎನ್ನ ಬಕೆಟ್ಟಿಂದ ಅಲ್ದಾ? ಖರೆ ಹೇಳು."

"ಖರೆ. ಆದ್ರೆ ನೀ ಆವತ್ತೇ ಎಂತಕ್ಕೆ ಹೇಳಿದ್ದಿಲ್ಲೆ?"

"ಎಂಗೇ ಗೊತ್ತಿತ್ತಿಲ್ಲೆ! ಆನೇ ಕೊಂದ್ನೇನ, ಬಕೆಟ್ ಸರಿ ತೊಳದ್ನೋ ಇಲ್ಯೋ ಹೇಳಿ ದಿನಾ ತಲೆ ಕೆಡಿಸ್ಕಂಡಿದ್ದೆ. ಯಾವ ಮುಖ ಇಟ್ಕಂಡು ಬಪ್ಪದು?"

ಅಯ್ಯೋ! ಅವಳು ಅಪರಾಧಿಯೆಂದು ತಿಳಿದವನು, ತನ್ನನ್ನೇ ಅಪರಾಧಿಯೆಂದುಕೊಂಡು ಕೊರಗಿದ್ದ.

"ಒಂದ್ನಿಮಿಷ, ಬಾ ಇಲ್ಲಿ," ಎಂದು ಅವನು ಹಿಂದಿನ ಪರದೆ ಸರಿಸಿದ.

ಒಂದು ದೊಡ್ಡ ಮೀನಿನ ತೊಟ್ಟಿ. ಅದರ ಮೇಲೆ ಕಲ್ಲು ತುಂಬಿದ ಡಬ್ಬಿ. ಡಬ್ಬಿಯಲ್ಲಿ ಮೊಣಕೈ ಎತ್ತರದ ಗಿಡ. ಬೇರು ಬೆಳ್ಳಗೆ ಮೀನಿನ ನೀರಿಗೆ ಇಳಿದಿತ್ತು. ಎಲೆಗಳ ಮರೆಯಲ್ಲಿ ಒಂದೇ ಒಂದು ಕೆಂಪು ಹಣ್ಣು, ಗುಂಡಗೆ, ಬುಗುಡಿಯಷ್ಟು.

"ಇದು...?"

"ನೀ ಎಸೆಯವು ಹೇಳಿದ್ದು. ಮೀನು ಸಾಕಿದ ನೀರಲ್ಲೇ ಬದಕ್ತು. ಹಣ್ಣಾದ ಮೇಲೆ ತಂದು ಕೊಡವು ಹೇಳಿ ಮಾಡಿದ್ದೆ. ಅಷ್ಟರೊಳಗೆ ಹಿಂಗಾತು."

ನಮಿತಾ ಹಣ್ಣನ್ನು ಮುಟ್ಟಲೂ ಹೆದರಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

* * *

ಆ ಮಧ್ಯಾಹ್ನ ಹಣ್ಣನ್ನು ಸೀಳಿ ಬೀಜ ಬಿಡಿಸಿದವನು ನಾಗಪತಿ. ಬೀಜ ಬೂದಿಯ ಜೊತೆ ಕರಡಿಗೆ ಸೇರಿತು. ಸಿಪ್ಪೆ ಮಾತ್ರ ಮಾವಿನಕಾಯಿಯ ಅಪ್ಪೆಹುಳಿಗೆ ಹೋಯಿತು. ಸುಬ್ಬಲಕ್ಷ್ಮಿ ಲೋಟ ಎತ್ತಿ ಒಂದು ಗುಟುಕು ಕುಡಿದರು.

ಇಬ್ಬರೂ ಅವರ ಮುಖವನ್ನೇ ನೋಡುತ್ತಿದ್ದರು.

ಆಯಿಯ ಕಣ್ಣಿನಲ್ಲಿ ನೀರು ಬಂತು. ಕಿವಿ ಕೆಂಪಾಯಿತು.

"ಖಾರ ಇದ್ದೆ...! ನಿಲ್ಕುಂದದಲ್ಲಿ ಎನ್ನ ಅಬ್ಬೆ ಮಾಡಿದ್ದೇ ರುಚಿ!" ಎಂದರು. ಲೋಟ ಮುಗಿಸಿ ಮತ್ತೆ ಮುಂದೆ ಚಾಚಿದರು. "ಇನ್ನೊಂದು ಚೂರು ಹಾಕು. ಅನ್ನನೂ ಬಡಿಸು."

ನಮಿತಾ ಸಂತೋಷಕ್ಕೆ ಕೋಣೆಗೆ ಓಡಿದಳು. ಅಲ್ಲಿ ಖಾಲಿ ಬಕೆಟ್‌ಗಳ ನಡುವೆ ನಾಗಪತಿ ಕಣ್ಣು ಉಜ್ಜುತ್ತ ನಿಂತಿದ್ದ.

"ಅಳ್ತಾ ಇದ್ಯನ?"

"ಅಲ್ದೇ... ಮೆಣಸಿನ ಕೈ ಕಣ್ಣಿಗೆ ತಾಗ್ತು!"

ಅವಳು ನಗುತ್ತ ಸೆರಗಿನ ತುದಿ ಒದ್ದೆ ಮಾಡಿ ಅವನ ಕಣ್ಣೊರೆಸಿದಳು. ಅವನು ಆ ಕೈಯನ್ನು ಹಿಡಿದುಕೊಂಡ. ಬಿಡಲಿಲ್ಲ.

"ನಮಿತಾ, ಒಂದು ಸುಳ್ಳು ಹೇಳಿದ್ದೆ ನಿಂಗೆ. ಆವತ್ತು ಪೈಪ್ ಮರೆತು ಉಳಿದಿದ್ದಲ್ಲ. ಆನೇ ಚೀಲಕ್ಕೆ ಹಾಕಿದ್ದಿಲ್ಲೆ."

"ಎಂತಕ್ಕೋ?"

"ಮಣ್ಣಿಲ್ದೇ ಮೆಣಸು ಬೆಳೆಸ ಕೂಸು ಎಂಥದು ಹೇಳಿ ನೋಡವು ಕಂಡ್ತು."

ಅವಳು ತಲೆ ತಗ್ಗಿಸಿ ಕೇಳಿದಳು, "ನೋಡಿ ಆತಾ?"

"ಇಲ್ಲೆ. ಜನ್ಮ ಪೂರ್ತಿ ನೋಡವು. ಅಕ್ಕಾ?"

ನಮಿತಾ ಕೈ ಬಿಡಿಸಿಕೊಳ್ಳಲಿಲ್ಲ.

"ಅಕ್ಕು," ಅಂದಳು.